ಒಳಗೆ ಹೋಗಿ ನೋಡುವ ಹಕ್ಕು

1970ರ ಬೇಸಿಗೆಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಾಲ್ಮೊನೆಲ್ಲಾ ಸೋಂಕು ಹರಡಿ ಕನಿಷ್ಠ 25 ಮಂದಿ ಸತ್ತರು. ಅದೇ ವರ್ಷದ ಜನವರಿಯಲ್ಲಿ ಒಹಾಯೊ ರಾಜ್ಯದ ಮರಿಯೆಟ್ಟಾದಲ್ಲಿ ಇಂಥದೇ ಇನ್ನೊಂದು ಕೇಂದ್ರಕ್ಕೆ ಬೆಂಕಿ ಬಿದ್ದು 30ಕ್ಕೂ ಹೆಚ್ಚು ವೃದ್ಧರು ಪ್ರಾಣ ಬಿಟ್ಟಿದ್ದರು. ನೆಲಹಾಸಿನ ಅಡಿಯ ರಬ್ಬರು ಹೊತ್ತಿಕೊಂಡು ಎದ್ದ ದಟ್ಟ ಹೊಗೆಯೇ ಹೆಚ್ಚಿನವರನ್ನು ಕೊಂದಿತು. ಎರಡು ದುರಂತಗಳೂ ಒಂದೇ ಪ್ರಶ್ನೆಯನ್ನು ಎಬ್ಬಿಸಿದವು: ಗೋಡೆಯ ಒಳಗೆ ಏನು ನಡೆಯುತ್ತಿದೆ ಎಂದು ನೋಡುವವರು ಯಾರು? ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದು ಆರೈಕೆ ಕೇಂದ್ರಗಳ ನಿವಾಸಿಗಳ ಪರ ಮಾತಾಡುವ ಒಂದು ಹುದ್ದೆ. ಮಾಲೀಕನ ಅಪ್ಪಣೆ ಕೇಳದೆ ಒಳಗೆ ಹೋಗಿ, ಹಾಸಿಗೆ ಹಿಡಿದವರ ಪಕ್ಕ ಕೂತು, ಅವರ ದೂರು ಕೇಳುವ ಹುದ್ದೆ. ಸರಿಯಾಗಿ ಅರ್ಧ ಶತಮಾನ ಕಳೆದು ಕೋವಿಡ್ ಬಂದಾಗ ಆ ಹುದ್ದೆಯವರನ್ನೇ ಬಾಗಿಲ ಹೊರಗೆ ನಿಲ್ಲಿಸಲಾಯಿತು. ಸೋಂಕಿನಿಂದ ಕಾಪಾಡಲೆಂದು ಹುಟ್ಟಿದ ಕಾವಲು ಸೋಂಕಿನ ಕಾರಣಕ್ಕೇ ಇಲ್ಲವಾಯಿತು. ಆರೈಕೆ ಕೇಂದ್ರದಲ್ಲಿ ಹೊರಗಿನವರೊಬ್ಬರ ಕಣ್ಣು ಇರುವುದೇ ಸೋಂಕು ತಡೆಯುವ ಕೆಲಸದ ಒಂದು ಭಾಗ, ಅದನ್ನು ಸಂದರ್ಶಕರ ಸಾಲಿಗೆ ಸೇರಿಸಿದ್ದು ದೊಡ್ಡ ತಪ್ಪು ಎನ್ನುವುದಕ್ಕೆ ಈ ಐವತ್ತು ವರ್ಷಗಳ ಚರಿತ್ರೆಯಲ್ಲೇ ಸಾಕಷ್ಟು ಸಾಕ್ಷ್ಯವಿದೆ.

ಅಮೆರಿಕದವರು ನರ್ಸಿಂಗ್ ಹೋಮ್ ಎನ್ನುವುದು ನಮ್ಮೂರಿನ ಹೆರಿಗೆ, ಆಪರೇಷನ್ ಮಾಡುವ ಖಾಸಗಿ ಆಸ್ಪತ್ರೆಯಲ್ಲ. ಎದ್ದು ಓಡಾಡಲಾಗದ, ಮರೆವಿನ ಕಾಯಿಲೆ ಹಿಡಿದ, ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರ ಕೈ ಬೇಕಾದ ಜನ ವರ್ಷಗಟ್ಟಲೆ, ಬಹುಪಾಲು ಸಾಯುವವರೆಗೆ ಇರುವ ಜಾಗ ಅದು. ಇವು ಇಷ್ಟೊಂದು ಸಂಖ್ಯೆಯಲ್ಲಿ ಬೆಳೆದದ್ದಕ್ಕೆ ಕಾನೂನೇ ಕಾರಣ. ಮೊದಲು ಗತಿಯಿಲ್ಲದ ಮುದುಕರಿಗೆ ಸರ್ಕಾರದ ಬಡವರ ಛತ್ರಗಳಿದ್ದವು. ಅವುಗಳ ಹೆಸರು ಎಷ್ಟು ಕೆಟ್ಟಿತ್ತೆಂದರೆ, 1935ರ ಸಾಮಾಜಿಕ ಭದ್ರತಾ ಕಾಯ್ದೆ ಅಂಥ ಸರ್ಕಾರಿ ಛತ್ರದಲ್ಲಿರುವವರಿಗೆ ವೃದ್ಧಾಪ್ಯದ ನೆರವಿನ ಹಣ ಸಿಗದಂತೆ ಮಾಡಿತು. ಛತ್ರಗಳು ಮುಚ್ಚಿದವು, ಮುದುಕರು ಮಾತ್ರ ಇದ್ದೇ ಇದ್ದರು. ಅವರು ಕೈಯಲ್ಲಿದ್ದ ಹಣದೊಂದಿಗೆ ಖಾಸಗಿ ಮನೆಗಳಿಗೆ ಹೋದರು. 1965ರಲ್ಲಿ ವೃದ್ಧರ, ಬಡವರ ಚಿಕಿತ್ಸೆಯ ಖರ್ಚು ಭರಿಸುವ ಮೆಡಿಕೇರ್, ಮೆಡಿಕೇಡ್ ಯೋಜನೆಗಳು ಬಂದ ಮೇಲೆ ಈ ಮನೆಗಳಿಗೆ ಸರ್ಕಾರದ ಹಣ ಹೊಳೆಯಾಗಿ ಹರಿಯಿತು. ಲಾಭಕ್ಕೆಂದು ನಡೆಸುವ ಕಂಪನಿಗಳು ಬಂದವು. ಹಣ ಕೊಡುವುದು ಸರ್ಕಾರ, ಪಡೆಯುವುದು ಮಾಲೀಕ, ನಡುವೆ ಮಲಗಿರುವವನಿಗೆ ಎದ್ದು ಬೇರೆ ಕಡೆ ಹೋಗುವ ಶಕ್ತಿಯಿಲ್ಲ. ಬೇರೆ ಯಾವ ವ್ಯಾಪಾರದಲ್ಲಾದರೂ ಗಿರಾಕಿ ಅಂಗಡಿ ಬಿಟ್ಟು ಹೋಗಿ ತನ್ನ ಅಸಮಾಧಾನ ತೋರಿಸಬಹುದು. ಇಲ್ಲಿ ಆ ದಾರಿಯೇ ಇರಲಿಲ್ಲ.

ಈ ಸ್ಥಿತಿಯನ್ನು ದೇಶದ ಮುಂದೆ ಇಟ್ಟವರಲ್ಲಿ ಅರ್ಕನ್ಸಾಸಿನ ಕಾಂಗ್ರೆಸ್ ಸದಸ್ಯ ಡೇವಿಡ್ ಪ್ರಯರ್ ಒಬ್ಬರು. ತಾವು ಯಾರೆಂದು ಹೇಳದೆ ವಾಷಿಂಗ್ಟನ್ ಸುತ್ತಲಿನ ಆರೈಕೆ ಕೇಂದ್ರಗಳಲ್ಲಿ ಸ್ವಯಂಸೇವಕರಾಗಿ ದುಡಿದು, ಕಂಡದ್ದನ್ನು 1970ರಲ್ಲಿ ಸದನದಲ್ಲಿ ಹೇಳಿದರು. ವೃದ್ಧರ ಸಮಸ್ಯೆಗಳಿಗೆಂದೇ ಒಂದು ಸಮಿತಿ ಬೇಕೆಂದರೆ ಸದನ ಒಪ್ಪಲಿಲ್ಲ, ಕೆಲಸಕ್ಕೆ ಒಂದು ಕೊಠಡಿಯೂ ಸಿಗಲಿಲ್ಲ. ಪೆಟ್ರೋಲ್ ಬಂಕಿನ ಜಾಗದಲ್ಲಿ ಟ್ರೇಲರ್ ನಿಲ್ಲಿಸಿಕೊಂಡು, ಸ್ವಯಂಸೇವಕರನ್ನು ಕೂಡಿಸಿ, ಅಲ್ಲಿಂದಲೇ ಕೆಲಸ ನಡೆಸಿದರು. ಒತ್ತಡ ಹೆಚ್ಚಿ 1971ರಲ್ಲಿ ಅಧ್ಯಕ್ಷ ನಿಕ್ಸನ್ ಆರೈಕೆ ಕೇಂದ್ರಗಳ ಸುಧಾರಣೆಗೆ ಎಂಟು ಅಂಶಗಳ ಯೋಜನೆ ಪ್ರಕಟಿಸಿದರು. ಅದರ ಫಲವಾಗಿ 1972ರಲ್ಲಿ ಕೆಲವು ರಾಜ್ಯಗಳಲ್ಲಿ ಪ್ರಯೋಗವಾಗಿ, ನಿವಾಸಿಗಳ ಪರ ಮಾತಾಡುವ ಒಂಬುಡ್ಸ್‌ಮನ್ ಯೋಜನೆ ಶುರುವಾಯಿತು. ಒಂಬುಡ್ಸ್‌ಮನ್ ಎಂಬ ಸ್ವೀಡನ್ನಿನ ಕಲ್ಪನೆಯಿಂದಲೇ ನಮ್ಮ ಲೋಕಾಯುಕ್ತವೂ ಬಂದದ್ದು, ಆದರೆ ಈ ಒಂಬುಡ್ಸ್‌ಮನ್‌ಗಳ ಕೆಲಸ ಭ್ರಷ್ಟಾಚಾರದ ತನಿಖೆಯಲ್ಲ, ಒಬ್ಬೊಬ್ಬ ನಿವಾಸಿಯ ದೂರು. 1978ರಲ್ಲಿ ಪ್ರತಿ ರಾಜ್ಯದಲ್ಲೂ ಇದು ಕಡ್ಡಾಯವಾಯಿತು. 1987ರ ಡಿಸೆಂಬರಿನ ಸುಧಾರಣಾ ಕಾಯ್ದೆ ನಿವಾಸಿಗಳ ಹಕ್ಕುಗಳನ್ನು ಬರಹಕ್ಕಿಳಿಸಿತು: ಕಟ್ಟಿಹಾಕಿಸಿಕೊಳ್ಳದೆ ಇರುವ ಹಕ್ಕು, ಬಂಧುಗಳನ್ನು ಕಾಣುವ ಹಕ್ಕು, ಒಂಬುಡ್ಸ್‌ಮನ್ ಯಾವಾಗ ಬಂದರೂ ಕೂಡಲೇ ಭೇಟಿಯಾಗುವ ಹಕ್ಕು. ಈ ಕೊನೆಯದನ್ನು ಗಮನವಿಟ್ಟು ನೋಡಬೇಕು. ಕಾನೂನು ಅದನ್ನು ಬರಿದೇ ದೂರು ಕೊಡುವ ಹಕ್ಕು ಎಂದು ಬರೆಯಲಿಲ್ಲ. ಎದುರೆದುರು ಕಾಣುವ ಹಕ್ಕು ಎಂದು ಬರೆಯಿತು.

ಯಾಕೆ ಎದುರೆದುರೇ ಆಗಬೇಕು ಎಂಬುದು ಆ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಮುಂಚೆ ತಿಳಿಸದೆ ಒಳಗೆ ಬಂದ ಒಂಬುಡ್ಸ್‌ಮನ್ ಮೊದಲು ನೋಡುವುದು ಕಾಗದಪತ್ರಗಳನ್ನಲ್ಲ. ಕರೆಗಂಟೆಯ ದಾರ ಹಾಸಿಗೆಯಲ್ಲಿದ್ದವರ ಕೈಗೆ ಎಟುಕುತ್ತದೋ, ಅಥವಾ ಪದೇ ಪದೇ ಒತ್ತುತ್ತಾರೆಂದು ಕಂಬಿಯ ಆಚೆ ಸಿಕ್ಕಿಸಿಟ್ಟಿದ್ದಾರೋ? ನೀರಿನ ಲೋಟ ತುಂಬಿದೆ, ಆದರೆ ಮೇಜು ಎರಡು ಮಾರು ದೂರವಿದೆಯೇ? ಊಟದ ತಟ್ಟೆಯ ಮುಚ್ಚಳವನ್ನೇ ತೆಗೆಯದೆ ಆರಿಸಿಟ್ಟಿದ್ದಾರೆಯೇ? ತುಟಿ ಒಡೆದಿದೆಯೇ, ಉಗುರು ಬೆಳೆದಿದೆಯೇ, ಮಗ್ಗುಲು ಬದಲಿಸದೆ ಬೆನ್ನ ಕೆಳಗೆ ಹಾಸಿಗೆ ಹುಣ್ಣು ಎದ್ದಿದೆಯೇ? ಮೂತ್ರದ ವಾಸನೆ ಒಂದು ಕೋಣೆಯದೋ, ಇಡೀ ಪಡಸಾಲೆಯದೋ? ಆಮೇಲೆ ಬಾಗಿಲು ಮುಂದೆ ಮಾಡಿ, ಸಿಬ್ಬಂದಿಗೆ ಕೇಳದಂತೆ, ನಿವಾಸಿಯನ್ನು ಮಾತಾಡಿಸುತ್ತಾರೆ. ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಯಾರಿಗೂ ತಿಳಿಸುವಂತಿಲ್ಲ. ಕೇಂದ್ರಕ್ಕೆ ದಂಡ ಹಾಕುವ ಅಧಿಕಾರವೂ ಇವರಿಗಿಲ್ಲ. ಇರುವುದು ಒಳಗೆ ಹೋಗುವ ಅಧಿಕಾರ, ಕೇಳುವ ಅಧಿಕಾರ, ಬಿಡದೆ ಬೆನ್ನು ಹತ್ತುವ ಅಧಿಕಾರ. ಕೋವಿಡ್‌ಗೆ ಮುಂಚೆ ವರ್ಷಕ್ಕೆ ಸುಮಾರು 2 ಲಕ್ಷ ದೂರುಗಳನ್ನು ಈ ವ್ಯವಸ್ಥೆ ನೋಡಿಕೊಳ್ಳುತ್ತಿತ್ತು. ಸಾವಿರಾರು ತರಬೇತಾದ ಸ್ವಯಂಸೇವಕರು ಅದರ ಬೆನ್ನೆಲುಬಾಗಿದ್ದರು. ಅವರಲ್ಲಿ ಬಹಳ ಮಂದಿ ತಾವೂ ನಿವೃತ್ತರೇ.

2020ರ ಫೆಬ್ರುವರಿ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲೆಂಡ್ ಪಟ್ಟಣದ ಆರೈಕೆ ಕೇಂದ್ರವೊಂದರಲ್ಲಿ ಕೋವಿಡ್ ಪತ್ತೆಯಾಯಿತು. ಮಾರ್ಚ್ 18ರ ಹೊತ್ತಿಗೆ ಅದಕ್ಕೆ ಸಂಬಂಧಿಸಿದ ಸೋಂಕಿತರು 167: ನಿವಾಸಿಗಳು 101, ಸಿಬ್ಬಂದಿ 50, ಸಂದರ್ಶಕರು 16. ನಿವಾಸಿ ಸೋಂಕಿತರಲ್ಲಿ ಮೂರರಲ್ಲೊಬ್ಬರು ಸತ್ತರು. ಮಾರ್ಚ್ 13ರಂದು ಕೇಂದ್ರ ಸರ್ಕಾರದ ಮೆಡಿಕೇರ್ ಇಲಾಖೆ ದೇಶದ ಸುಮಾರು 15,000 ಆರೈಕೆ ಕೇಂದ್ರಗಳಿಗೆ ಸಂದರ್ಶಕರನ್ನು ನಿಲ್ಲಿಸುವಂತೆ ಸೂಚಿಸಿತು. ಅದೇ ಸೂಚನೆಯಲ್ಲಿ ಒಂಬುಡ್ಸ್‌ಮನ್ ಪ್ರಸ್ತಾಪವೂ ಇತ್ತು: ನಿವಾಸಿಗಳಿಗೆ ಅವರನ್ನು ಸಂಪರ್ಕಿಸುವ ಹಕ್ಕು ಉಳಿದಿದೆ, ಆದರೆ ಒಳಗೆ ಬರುವುದನ್ನು ನಿರ್ಬಂಧಿಸಬೇಕು, ಫೋನ್ ಮೂಲಕ ಮಾತಾಡಿಸಬಹುದು. ಹತ್ತು ದಿನ ಕಳೆದ ಮೇಲೆ, ಮಾರ್ಚ್ 23ರಂದು, ವಾಡಿಕೆಯ ತಪಾಸಣೆಗಳೂ ನಿಂತವು. ಸೋಂಕು ತಡೆಗೆ ಸಂಬಂಧಿಸಿದ್ದು ಮತ್ತು ನಿವಾಸಿಯ ಜೀವಕ್ಕೆ ಕೂಡಲೇ ಅಪಾಯವಿರುವಂಥದ್ದು ಮಾತ್ರ ನಡೆಯಬೇಕೆಂದಾಯಿತು. ಏಪ್ರಿಲಿನಲ್ಲಿ ನ್ಯೂಯಾರ್ಕ್ ಆರೈಕೆ ಕೇಂದ್ರಗಳ ಮೇಲೆ ಪರಿಹಾರದ ದಾವೆ ಹೂಡದಂತೆ ರಕ್ಷಣೆ ಕೊಡುವ ಕಾನೂನು ತಂದಿತು, ಹಲವು ರಾಜ್ಯಗಳು ಅದೇ ಹಾದಿ ಹಿಡಿದವು. ಮನೆಯವರು, ಒಂಬುಡ್ಸ್‌ಮನ್, ತಪಾಸಣಾಧಿಕಾರಿ, ನ್ಯಾಯಾಲಯ ಎಂಬ ನಾಲ್ಕು ಕಾವಲುಗಳಲ್ಲಿ ಒಂದು ಸಡಿಲವಾದರೆ ಇನ್ನೊಂದು ಹಿಡಿಯಬೇಕು. ಆ ವಸಂತದಲ್ಲಿ ನಾಲ್ಕೂ ಒಟ್ಟಿಗೆ ಸಡಿಲವಾದವು.

ಆ ಮಾರ್ಚಿನಲ್ಲಿ ಬೇರೇನು ಮಾಡಬಹುದಿತ್ತು ಎಂದು ಕೇಳುವವರ ಮಾತಿಗೆ ತೂಕವಿದೆ. ಪರೀಕ್ಷೆಯ ಕಿಟ್ ಇರಲಿಲ್ಲ, ಮಾಸ್ಕ್ ಇರಲಿಲ್ಲ, ಲಕ್ಷಣವಿಲ್ಲದವರಿಂದಲೂ ಸೋಂಕು ಹರಡುತ್ತದೆಂದು ಆಗಷ್ಟೇ ಗೊತ್ತಾಗುತ್ತಿತ್ತು. ಮೊದಲ ಕೆಲವು ವಾರ ಎಲ್ಲರನ್ನೂ ತಡೆದದ್ದು ಸರಿ ಎಂದೇ ನಾನೂ ಒಪ್ಪುತ್ತೇನೆ. ನನ್ನ ತಕರಾರು ಅದಾದ ಮೇಲಿನದು. ಆ ತಡೆ ಹೇರಿದ ಸೂಚನೆಯಲ್ಲಿ ಕೊನೆಯ ದಿನಾಂಕ ಇರಲಿಲ್ಲ, ಯಾವ ಷರತ್ತು ಪೂರೈಸಿದರೆ ಬಾಗಿಲು ತೆಗೆಯಬೇಕು ಎಂಬುದೂ ಇರಲಿಲ್ಲ. ಮೇ ತಿಂಗಳಲ್ಲಿ ಹಲವು ರಾಜ್ಯಗಳ ಕ್ಷೌರದ ಅಂಗಡಿ, ಹೋಟೆಲುಗಳು ತೆರೆದವು. ಆರೈಕೆ ಕೇಂದ್ರಗಳ ಒಳಗಿನ ಭೇಟಿಗೆ ದೇಶಮಟ್ಟದಲ್ಲಿ ಮೊದಲ ದೊಡ್ಡ ಸಡಿಲಿಕೆ ಬಂದದ್ದು ಸೆಪ್ಟೆಂಬರ್ 17ಕ್ಕೆ. ಪಿಪಿಇ ಕಿಟ್ ಹಂಚುವಾಗ ಆಸ್ಪತ್ರೆಗಳು ಮುಂದಿದ್ದವು, ಆರೈಕೆ ಕೇಂದ್ರಗಳು ಹಿಂದಿದ್ದವು, ಒಂಬುಡ್ಸ್‌ಮನ್‌ಗಳು ಲೆಕ್ಕದಲ್ಲೇ ಇರಲಿಲ್ಲ. ಸಿಬ್ಬಂದಿಗೆ ಕೊಟ್ಟ ಮಾಸ್ಕು, ಸಿಬ್ಬಂದಿಗೆ ಮಾಡಿದ ಪರೀಕ್ಷೆ ಇವರಿಗೂ ಸಿಕ್ಕಿದ್ದರೆ ಜಿಲ್ಲೆಗೆ ಒಬ್ಬಿಬ್ಬರಾದರೂ ಜೂನ್ ಹೊತ್ತಿಗೆ ಒಳಗಿರಬಹುದಿತ್ತು.

ಹೊರಗಿನವರು ಬಂದರೆ ವೈರಸ್ ತರುತ್ತಾರೆ ಎನ್ನುವ ವಾದ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಆದರೆ ಆರೈಕೆ ಕೇಂದ್ರದೊಳಗೆ ದಿನಕ್ಕೆ ಮೂರು ಪಾಳಿಯಲ್ಲಿ ಬಂದು ಹೋಗುವವರು ಸಿಬ್ಬಂದಿ. ಸಂಬಳ ಸಾಲದೆ ಎರಡು ಮೂರು ಕೇಂದ್ರಗಳಲ್ಲಿ ದುಡಿಯುವವರು ಅವರಲ್ಲಿ ಬಹಳ. ಜ್ವರ ಬಂದರೂ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಕರ್ಕ್‌ಲೆಂಡಿನ ಬಗ್ಗೆ ಸರ್ಕಾರಿ ತಜ್ಞರೇ ಬರೆದ ವರದಿ, ಲಕ್ಷಣವಿದ್ದೂ ಕೆಲಸಕ್ಕೆ ಬಂದವರು, ಹಲವು ಕಡೆ ದುಡಿಯುವವರು, ಕಿಟ್ ಬಳಕೆ ಗೊತ್ತಿಲ್ಲದ್ದು ಎಂಬ ಕಾರಣಗಳನ್ನು ಪಟ್ಟಿ ಮಾಡಿತ್ತು. ಸಂದರ್ಶಕರನ್ನು ನಿಲ್ಲಿಸಿದ ಮೇಲಿನ ವಾರಗಳ ಮೊಬೈಲ್ ಸ್ಥಳದ ಮಾಹಿತಿ ನೋಡಿದ ಅರ್ಥಶಾಸ್ತ್ರಜ್ಞರು, ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೋಗುವ ಓಡಾಟ ಇಲ್ಲದಿದ್ದರೆ ಕೇಂದ್ರಗಳ ಸೋಂಕು ಶೇ 40ಕ್ಕೂ ಹೆಚ್ಚು ಕಡಿಮೆಯಾಗುತ್ತಿತ್ತೆಂದು ಅಂದಾಜಿಸಿದರು. ಆ ಕೆಲಸಗಾರರ ಮೇಲೆ ದೋಷ ಹೊರಿಸುವ ಮಾತಲ್ಲ ಇದು. ಅವರೂ ಸತ್ತರು, ಅವರ ಮನೆಯವರೂ ಸತ್ತರು. ಬೇಕಿದ್ದದ್ದು ಸಂಬಳ ಸಹಿತ ರಜೆ, ಸಾಕಷ್ಟು ಜನ, ಒಂದೇ ಕಡೆ ಪೂರ್ತಿ ಕೆಲಸ. ನಿವಾಸಿಗಳ ಪರ ದನಿಯೆತ್ತುವ ಸಂಘಟನೆಗಳು ಸಿಬ್ಬಂದಿ ಸಂಖ್ಯೆ ಹೆಚ್ಚಿಸಿ ಎಂದು ದಶಕಗಳಿಂದ ಕೇಳುತ್ತಲೇ ಬಂದಿದ್ದವು. ಇತ್ತ ನೆದರ್ಲೆಂಡ್ಸ್ 2020ರ ಮೇ 11ರಿಂದ 26 ಆರೈಕೆ ಕೇಂದ್ರಗಳಲ್ಲಿ ಪ್ರಯೋಗ ಮಾಡಿತು. ಪ್ರತಿ ನಿವಾಸಿಗೆ ಒಬ್ಬ ಸಂದರ್ಶಕ, ಕಟ್ಟುನಿಟ್ಟಿನ ನಿಯಮ. ಆ ಭೇಟಿಗಳಿಂದ ಸೋಂಕು ಹಬ್ಬಿದ್ದು ಕಂಡುಬರಲಿಲ್ಲ.

ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ನಡೆದದ್ದು ಇಡೀ ನೀತಿಯ ಒಳವಿರೋಧವನ್ನು ತೋರಿಸುತ್ತದೆ. ಅಲ್ಝೈಮರ್ಸ್ ಇರುವ ಗಂಡನನ್ನು ಅಲ್ಲಿನ ಕೇಂದ್ರದಲ್ಲಿಟ್ಟಿದ್ದ ಮಹಿಳೆಯೊಬ್ಬರು ಮಾರ್ಚಿನಿಂದ ಅವರನ್ನು ನೋಡಲಾಗದೆ, ಜುಲೈನಲ್ಲಿ ಅದೇ ಕೇಂದ್ರದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಅರೆಕಾಲಿಕ ಕೆಲಸಕ್ಕೆ ಸೇರಿದರು. ತರಬೇತಿ, ಪರೀಕ್ಷೆ, ಮಾಸ್ಕು ಎಲ್ಲ ಆಯಿತು. ವಾರಕ್ಕೆ ಎರಡು ದಿನ ಕೆಲಸ ಮುಗಿಸಿ ಗಂಡನ ಕೋಣೆಗೆ ಹೋಗಿ ಕೂರತೊಡಗಿದರು. ಹೆಂಡತಿಯಾಗಿ ಒಳಗೆ ಬರಲು ಸಾಧ್ಯವಾಗದವರು ಪಾತ್ರೆ ತೊಳೆಯುವವರಾಗಿ ಬಂದರು. ಅವರು ಉಸಿರಾಡುವ ಗಾಳಿಯಲ್ಲಿ ಏನೂ ಬದಲಾಗಿರಲಿಲ್ಲ. ಹಾಗಾದರೆ ಮಾಸ್ಕು, ಪರೀಕ್ಷೆ, ತರಬೇತಿ ಇದ್ದ ಯಾರನ್ನೇ ಆಗಲಿ ತಡೆಯಲು ಸೋಂಕಿನ ಕಾರಣ ಕೊಡಲು ಬರುವುದಿಲ್ಲ. ಮುಂದೆ ಅವರನ್ನೇ ರಾಜ್ಯದ ಭೇಟಿ ನೀತಿ ರೂಪಿಸುವ ಕಾರ್ಯಪಡೆಗೆ ಸೇರಿಸಿಕೊಂಡರು. ಸೆಪ್ಟೆಂಬರಿನಲ್ಲಿ ಫ್ಲೋರಿಡಾ ಬಾಗಿಲು ತೆರೆಯಿತು.

ಫೋನ್ ಇತ್ತಲ್ಲ, ವಿಡಿಯೋ ಕರೆ ಇತ್ತಲ್ಲ ಎನ್ನುವವರೂ ಇದ್ದಾರೆ. ಸರ್ಕಾರ ಆ ವಸಂತದಲ್ಲಿ ಒಂಬುಡ್ಸ್‌ಮನ್ ಯೋಜನೆಗೆ 2 ಕೋಟಿ ಡಾಲರ್ ಹೆಚ್ಚುವರಿ ಹಣವನ್ನೂ ಕೊಟ್ಟಿತು. ಆದರೆ ಒಂದು ವಿಡಿಯೋ ಕರೆ ಹೇಗೆ ನಡೆಯುತ್ತದೆಂದು ಊಹಿಸಿ ನೋಡಿ. ಕೈ ನಡುಗುವ, ಕಿವಿ ಮಂದವಾದ ಎಂಬತ್ತೈದರ ಅಜ್ಜಿ. ಅವರೆದುರು ಟ್ಯಾಬ್ಲೆಟ್ ಹಿಡಿದು ನಿಂತಿರುವುದು ಇನ್ನೂ ಹತ್ತು ಕೋಣೆ ನೋಡಬೇಕಾದ ಸಹಾಯಕಿ. ಅಜ್ಜಿಯ ದೂರು ಬಹುಶಃ ಅದೇ ಪಾಳಿಯವರ ಮೇಲೆ. ಇಂಥ ಹೊತ್ತಲ್ಲಿ ‘ಎಲ್ಲಾ ಚೆನ್ನಾಗಿದೆ’ ಎನ್ನದೆ ಬೇರೇನು ಹೇಳಿಯಾರು? ಪರದೆಯ ಮೇಲೆ ಮುಖ ಕಾಣುತ್ತದೆ, ಹೊದಿಕೆಯ ಕೆಳಗಿನ ಹುಣ್ಣು ಕಾಣುವುದಿಲ್ಲ, ವಾಸನೆಯಂತೂ ಬರುವುದೇ ಇಲ್ಲ. ಮರೆವಿನ ಕಾಯಿಲೆಯವರಿಗೆ ಫೋನಿನಲ್ಲಿ ಮಾತಾಡುವವರು ಯಾರೆಂದೇ ತಿಳಿಯುವುದಿಲ್ಲ, ದೂರು ಕೊಡುವ ಮಾತು ಎಲ್ಲಿಂದ ಬರಬೇಕು? ಕಾನೂನು 1987ರಲ್ಲಿ ಎದುರೆದುರಿನ ಭೇಟಿಯ ಹಕ್ಕನ್ನು ಬರೆದಿಟ್ಟದ್ದು ಇದನ್ನೆಲ್ಲ ತಿಳಿದೇ.

ದಂಡ ಹಾಕುವ ಅಧಿಕಾರವಿಲ್ಲದ ಇವರು ಒಳಗಿದ್ದರೂ ಏನು ಮಾಡುತ್ತಿದ್ದರು, ಆ ಹಣದಲ್ಲಿ ತಪಾಸಣಾಧಿಕಾರಿಗಳನ್ನು ಹೆಚ್ಚಿಸಬಹುದಿತ್ತಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅಧಿಕಾರವಿದ್ದವರು ಏನು ಮಾಡಿದರು ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2020ರ ಮೇನಲ್ಲಿ ಹೇಳಿತು: 2013ರಿಂದ 2017ರ ನಡುವೆ ಶೇ 82ರಷ್ಟು ಕೇಂದ್ರಗಳಲ್ಲಿ ಸೋಂಕು ತಡೆಯ ಲೋಪ ಒಮ್ಮೆಯಾದರೂ ದಾಖಲಾಗಿತ್ತು. ಕೈ ತೊಳೆಯದಿರುವುದು, ಸೋಂಕಿತರನ್ನು ಬೇರೆ ಇಡದಿರುವುದು ಇಂಥವು. ಹೆಚ್ಚುಕಡಿಮೆ ಎಲ್ಲವನ್ನೂ ‘ಗಂಭೀರವಲ್ಲ’ ಎಂದು ವರ್ಗೀಕರಿಸಿದ್ದರು, ಕ್ರಮ ಜಾರಿಯಾದದ್ದು ಶೇ 1ರಷ್ಟಕ್ಕೆ. ವರ್ಷಕ್ಕೊಮ್ಮೆ ಬಂದು ಬರೆದುಕೊಂಡು ಹೋಗುವವರ ಕಣ್ಣಿಗೂ ಮತ್ತೆ ಮತ್ತೆ ಬಂದು ಹೆಸರು ಹಿಡಿದು ಮಾತಾಡಿಸುವವರ ಕಣ್ಣಿಗೂ ವ್ಯತ್ಯಾಸವಿದೆ. ಹೊರಗಿನ ಕಣ್ಣು ಪೂರ್ತಿ ಇಲ್ಲವಾದಾಗ ಏನಾಗುತ್ತದೆಂದು ಪಕ್ಕದ ಕೆನಡಾ ನೋಡಿತು. ಮೊದಲ ಅಲೆಯಲ್ಲಿ ಆ ದೇಶದ ಕೋವಿಡ್ ಸಾವುಗಳಲ್ಲಿ ಶೇ 80ರಷ್ಟು ದೀರ್ಘಾವಧಿ ಆರೈಕೆಯಲ್ಲಿದ್ದವರವು. ಸಿಬ್ಬಂದಿ ಸಾಲದೆ ಸೈನ್ಯವನ್ನು ಕರೆದರು. ಒಂಟಾರಿಯೊದ ಐದು ಕೇಂದ್ರಗಳಲ್ಲಿ ತಾವು ಕಂಡದ್ದನ್ನು ಸೈನಿಕರು ಬರೆದು ಕೊಟ್ಟ ವರದಿ 2020ರ ಮೇ 26ರಂದು ಹೊರಬಂತು: ಸಹಾಯಕ್ಕೆ ಕೂಗಿದರೂ ಗಂಟೆಗಟ್ಟಲೆ ಯಾರೂ ಬಾರದಿರುವುದು, ಜಿರಳೆಗಳು, ಹಳಸಿದ ಊಟ, ಒದ್ದೆ ಬಟ್ಟೆಯಲ್ಲೇ ಮಲಗಿದ ನಿವಾಸಿಗಳು. ಇದನ್ನು ಕಾಣಲು ಸಮವಸ್ತ್ರದ ಸೈನಿಕರು ಬೇಕಿರಲಿಲ್ಲ. ಒಳಗೆ ಹೋಗಲು ಬಿಟ್ಟಿದ್ದರೆ ಒಬ್ಬ ನಿವೃತ್ತ ಶಿಕ್ಷಕಿಗೂ ಕಾಣುತ್ತಿತ್ತು.

ಕಾಣದಿದ್ದಲ್ಲಿ ಲೆಕ್ಕವೂ ಇರುವುದಿಲ್ಲ. ಸೋಂಕು ಮತ್ತು ಸಾವಿನ ಸಂಖ್ಯೆಯನ್ನು ಅಮೆರಿಕದ ಕೇಂದ್ರಗಳು ವಾರವಾರ ವರದಿ ಮಾಡಬೇಕು, ಒಂದು ಪ್ರಕರಣ ಕಂಡರೂ ಮರುದಿನ ಸಂಜೆ 5ರೊಳಗೆ ನಿವಾಸಿಗಳಿಗೂ ಮನೆಯವರಿಗೂ ತಿಳಿಸಬೇಕು ಎಂಬ ದೇಶವ್ಯಾಪಿ ನಿಯಮ ಜಾರಿಗೆ ಬಂದದ್ದು ಮೇ 8ಕ್ಕೆ. ಅಷ್ಟರಲ್ಲಿ ಸಾವಿರಾರು ಮಂದಿ ಸತ್ತಾಗಿತ್ತು. ನ್ಯೂಯಾರ್ಕಿನ ಅಟಾರ್ನಿ ಜನರಲ್ ಲೆಟೀಶಾ ಜೇಮ್ಸ್ 2021ರ ಜನವರಿಯಲ್ಲಿ ಕೊಟ್ಟ ವರದಿ, ರಾಜ್ಯದ ಆರೋಗ್ಯ ಇಲಾಖೆ ಆರೈಕೆ ಕೇಂದ್ರಗಳ ನಿವಾಸಿಗಳ ಸಾವನ್ನು ಶೇ 50ರವರೆಗೂ ಕಡಿಮೆ ತೋರಿಸಿರಬಹುದು ಎಂದಿತು. ಆಸ್ಪತ್ರೆಗೆ ಸಾಗಿಸಿದ ಮೇಲೆ ಸತ್ತವರನ್ನು ಲೆಕ್ಕಕ್ಕೆ ಸೇರಿಸಿರಲೇ ಇಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ದಾವೆ ತಡೆಯುವ ಕಾನೂನೂ ರದ್ದಾಯಿತು. ಇಡೀ ದೇಶದ ಒಟ್ಟು ಚಿತ್ರ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯ ಮಹಾನಿರೀಕ್ಷಕರ ವರದಿಯಲ್ಲಿದೆ: ಆರೈಕೆ ಕೇಂದ್ರಗಳಲ್ಲಿದ್ದ ಮೆಡಿಕೇರ್ ಫಲಾನುಭವಿಗಳ ಮರಣ ಪ್ರಮಾಣ 2019ರಲ್ಲಿ ಶೇ 17 ಇದ್ದದ್ದು 2020ರಲ್ಲಿ ಶೇ 22ಕ್ಕೇರಿತು. ನಿರ್ಬಂಧ ಪೂರ್ತಿ ಹೋಗಿ, ಎಲ್ಲ ನಿವಾಸಿಗಳಿಗೂ ಎಲ್ಲ ವೇಳೆಯಲ್ಲೂ ಭೇಟಿಗೆ ಅವಕಾಶ ಕೊಡಬೇಕೆಂಬ ಸೂಚನೆ ಬಂದದ್ದು 2021ರ ನವೆಂಬರ್ 12ಕ್ಕೆ. ಅಷ್ಟರಲ್ಲಿ ಹಲವು ರಾಜ್ಯಗಳು, ಮುಂದೆ ಯಾವ ಸಾಂಕ್ರಾಮಿಕ ಬಂದರೂ ಪ್ರತಿ ನಿವಾಸಿಗೆ ಆರೈಕೆ ಮಾಡುವ ಒಬ್ಬ ಹತ್ತಿರದವರನ್ನು ತಡೆಯಬಾರದು ಎಂಬ ನಿಯಮಗಳನ್ನು ಮಾಡಿದ್ದವು. ಒಳ್ಳೆಯದೇ ಆಯಿತು. ಆದರೆ ನೋಡಲು ಬರುವ ಮಕ್ಕಳೇ ಇಲ್ಲದವರ ಪಾಲಿಗೆ ಒಂಬುಡ್ಸ್‌ಮನ್ ಒಬ್ಬರೇ ಹೊರಜಗತ್ತು.

ನಮ್ಮಲ್ಲಿ ಮಕ್ಕಳು ಊರು ಬಿಟ್ಟು ದೇಶ ಬಿಟ್ಟು ಹೋಗುತ್ತಿರುವ ಈ ಕಾಲದಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ವೃದ್ಧಾಶ್ರಮಗಳೂ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಖಾಸಗಿ ಕೇಂದ್ರಗಳೂ ಹೆಚ್ಚುತ್ತಿವೆ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಯ ಕಾಯ್ದೆ ಮಕ್ಕಳ ಹೊಣೆಯನ್ನು ವಿವರವಾಗಿ ಹೇಳುತ್ತದೆ. ಆಶ್ರಮದ ಒಳಗಿರುವವರ ದೂರನ್ನು ಕೇಳಲು ಹೇಳದೆ ಕೇಳದೆ ಒಳಗೆ ಹೋಗಬಲ್ಲ ಸ್ವತಂತ್ರ ವ್ಯಕ್ತಿಯೊಬ್ಬರನ್ನು ಅದು ಹೆಸರಿಸುವುದಿಲ್ಲ. ಖಾಸಗಿ ಕೇಂದ್ರಗಳ ನೋಂದಣಿಯನ್ನು ಕಡ್ಡಾಯ ಮಾಡಲೆಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಕಾಯ್ದೆಯಾಗಲೇ ಇಲ್ಲ. ಹಾಗೆಂದು ದೆಹಲಿಗೆ ಕಾಯುತ್ತ ಕೂರಬೇಕಿಲ್ಲ. ಅದೇ ಕಾಯ್ದೆಯ 19ನೇ ಕಲಮು ಸರ್ಕಾರ ಸ್ಥಾಪಿಸುವ ವೃದ್ಧಾಶ್ರಮಗಳು ಹೇಗೆ ನಡೆಯಬೇಕು, ಅಲ್ಲಿನ ಗುಣಮಟ್ಟ ಏನಿರಬೇಕು ಎಂದು ನಿಗದಿ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಅಲ್ಲಿಂದಲೇ ಶುರು ಮಾಡಬಹುದು: ಪ್ರತಿ ಜಿಲ್ಲೆಗೆ ತರಬೇತಾದ, ಆಶ್ರಮದಿಂದ ಸಂಬಳ ಪಡೆಯದ ಒಬ್ಬ ಪ್ರತಿನಿಧಿ, ಮುಂಚೆ ತಿಳಿಸದೆ ಒಳಗೆ ಹೋಗುವ, ನಿವಾಸಿಯನ್ನು ಒಬ್ಬರನ್ನೇ ಮಾತಾಡಿಸುವ ಹಕ್ಕು, ಸಾಂಕ್ರಾಮಿಕದ ಹೊತ್ತಲ್ಲಿ ಅವರಿಗೂ ಸಿಬ್ಬಂದಿಯ ಜೊತೆಗೇ ಮಾಸ್ಕು, ಪರೀಕ್ಷೆ, ಲಸಿಕೆ. ಅಪ್ಪ ಅಮ್ಮನನ್ನು ಆಶ್ರಮಕ್ಕೆ ಸೇರಿಸಿರುವ, ನಾಳೆ ತಾವೇ ಸೇರಬೇಕಾಗಿ ಬರಬಹುದಾದ ಓದುಗರು ಇದನ್ನು ತಮ್ಮ ಶಾಸಕರಿಗೆ ಬರೆದು ಕೇಳಬೇಕು, ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಕೇಳಬೇಕು.